ನೊಣ ಹೊಡೆಯುವ ಉದ್ಯೋಗ

ನನ್ನ ಉದ್ಯೋಗ ಯಾವುದೆಂದು ಯಾರು ಕೇಳಿದರೂ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಕೇಳಿದರೂ ಅಷ್ಟೇ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಮುಖ ಬೇರೆಯಾಗಿರುತ್ತದೆ, ನನ್ನ ಮರ್ಯಾದೆಯೂ ಸ್ವಲ್ಪ ಕಡಿಮೆಯಾಗಿರುತ್ತದೆ.

ಇರುವ ವಿಷಯ ಇಷ್ಟೇ. ನಾನು ಗಣಿತದವನು. ಸುತ್ತಲಿನ ವಾತಾವರಣ ಬದಲಾದಾಗ ಅದರೊಳಗಿನ ಜೀವಿಗಳ ಗುಂಪು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಮೀಕರಣ ಬರೆದು ನೋಡುವುದು ನನ್ನ ಕೆಲಸ. ಜೀವಿ ಎಂದ ತಕ್ಷಣ ಆನೆ, ಹುಲಿ ಎಂದುಕೊಳ್ಳಬೇಡಿ. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಸಾಸಿವೆ ಕಾಳಿನಷ್ಟು ಪುಟ್ಟ ನೊಣಗಳು, ಅವು. ನನ್ನ ಗೆಳೆಯನೊಬ್ಬ ನಮ್ಮ ಪ್ರಯೋಗಾಲಯದಲ್ಲಿ ಅವನ್ನು ಬಾಟಲಿಗಳಲ್ಲಿ ಸಾಕುತ್ತಿದ್ದ. ಕೆಲವು ಬಾಟಲಿಗಳನ್ನು ತಲೆಮಾರಿಗಿಷ್ಟಿಷ್ಟು ಎಂದು ನಿಧಾನವಾಗಿ ಬಿಸಿ ಮಾಡುತ್ತಿದ್ದ, ಕೆಲವನ್ನು ಒಂದೇ ಸಲಕ್ಕೆ. ನಿಧಾನವಾಗಿ ಬಿಸಿಯಾದ ಬಾಟಲಿಯಲ್ಲಿ ಸೆಕೆ ತಡೆಯುವ ನೊಣಗಳ ಮರಿಗಳು ಹೆಚ್ಚುತ್ತಾ ಹೋಗಿ ಗುಂಪು ಹೇಗೋ ಉಳಿದುಕೊಳ್ಳುತ್ತಿತ್ತು. ಒಂದೇ ಸಲಕ್ಕೆ ಬಿಸಿಯಾದದ್ದರಲ್ಲಿ ಗುಂಪೇ ನಾಶ. ಎಷ್ಟು ಬೇಗ ಬದಲಾದರೆ ಉಳಿಯುತ್ತವೆ, ಎಷ್ಟು ಬೇಗ ಆದರೆ ಅಳಿಯುತ್ತವೆ ಎಂಬ ಗಡಿಯನ್ನು ಲೆಕ್ಕದಲ್ಲಿ ಹಿಡಿಯುವುದು ನನ್ನ ಪಾಲು. ಬಹಳ ಸುಂದರವಾದ ಲೆಕ್ಕ. ಕಾಗದದ ಮೇಲೆ ಬರೆದಾಗ ಅದು ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಬಾಯಿಬಿಟ್ಟು ಹೇಳಿದಾಗ ಮಾತ್ರ ನನ್ನ ಪಾಡು ನಾಯಿಪಾಡು.

೧. ಜನಸಂಖ್ಯೆ

ತೊಂಬತ್ತರ ದಶಕದ ನಡುವೆ ಗುಲ್ಬರ್ಗದ ಕಡೆಯಿಂದ ಬಂದು ಕಗ್ಗದಾಸಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಆಗ ಅಲ್ಲಿ ಅರ್ಧ ಹೊಲ, ಅರ್ಧ ಸೈಟು. ನನಗೆ ಸಿಕ್ಕ ಓನರ್ ಆ ಊರಿನ ಮೂಲದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲಾಗಿ ಮನೆಗಳನ್ನು ಕಟ್ಟಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏನ್ ಕೆಲ್ಸ ಸಾರ್ ನಿಮ್ದು?"

ಪಾಪ್ಯುಲೇಶನ್ ಎಂಬುದಕ್ಕೆ ನಮ್ಮ ಪುಸ್ತಕಗಳಲ್ಲಿ ಇರುವುದು ಒಂದೇ ಪದ. ನೊಣಗಳದ್ದಾದರೂ ಅದು ಜನಸಂಖ್ಯೆಯೇ. "ಜನಸಂಖ್ಯೆ ಬಗ್ಗೆ ಸಂಶೋಧನೆ," ಎಂದೆ.

ಓನರ್ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಗೌರ್ಮೆಂಟಾ?"

"ಹೂಂ, ಗೌರ್ಮೆಂಟೇ."

"ಒಳ್ಳೇ ಕೆಲ್ಸ ಬಿಡಿ. ಯಾರಾದ್ರೂ ಮಾಡ್ಲೇಬೇಕಲ್ಲ."

ಮನೆ ಸಿಕ್ಕಿತು. ಆದರೆ ವಠಾರದ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಪಕ್ಕದ ಮನೆಯಾತ ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ, ನಾನು ಏನೂ ಕೇಳದಿದ್ದರೂ, "ನಮ್ದು ಎರಡೇ ಸಾರ್. ಎರಡು ಸಾಕು," ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಹೀಗೂ ನಮಸ್ಕಾರ ಹೇಳುತ್ತಾರೇನೋ ಎಂದುಕೊಂಡು ನಾನೂ, "ಸಾಕು ಸಾಕು," ಎಂದು ಕೊಡ ತುಂಬಿಸಿಕೊಂಡು ಬರುತ್ತಿದ್ದೆ.

ಓನರ್ ಮಗಳು ಇಂದಿರಾನಗರದ ಒಂದು ಶಾಲೆಯಲ್ಲಿ ಟೀಚರ್. ಒಂದು ಸಂಜೆ ಗೇಟಿನ ಹತ್ತಿರ ತಡೆದು ಕೇಳಿದಳು:

"ನೀವು ನಿಜವಾಗ್ಲೂ ಫ್ಯಾಮಿಲಿ ಪ್ಲಾನಿಂಗ್‌ನವ್ರಾ?"

"ಯಾರ್ರೀ ಹೇಳಿದ್ದು?"

"ಎಲ್ರೂ. ನಿಮ್ ಸೈಕಲ್ ಬೆಲ್ ಕೇಳಿದ್ರೆ ಸಾಕು, ಪಕ್ಕದ ಮನೆಯವ್ರು ಮೂರು ಮಕ್ಕಳನ್ನ ಒಳಗೆ ಕೂರ್ಸಿ ಬಾಗಿಲು ಹಾಕ್ತಾರೆ. ಅವ್ರಿಗೆ ಐದು."

ನೊಣದ ಕಥೆಯನ್ನು ಮೊದಲಿಂದ ಹೇಳಿದೆ. ಅವಳು ಗೇಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮದುವೆಯಾದರೆ ಇವಳನ್ನೇ ಎಂದು ನನಗೆ ಆಗಲೇ ಅನ್ನಿಸಿತು. ಜನಸಂಖ್ಯೆಯ ಸಂಶೋಧಕನಿಗೆ ಪಕ್ಕದ ಮನೆಯ ಜನಸಂಖ್ಯೆ ಗೊತ್ತಾದದ್ದೂ ಆವತ್ತೇ.

೨. ಫಿಟ್ನೆಸ್

ನಮ್ಮ ಶಾಸ್ತ್ರದಲ್ಲಿ ಫಿಟ್ನೆಸ್ ಎಂದರೆ ದಂಡ ಹೊಡೆದು ಮೈ ಹುರಿ ಮಾಡಿಕೊಳ್ಳುವುದಲ್ಲ. ಒಂದು ಜೀವಿ ಎಷ್ಟು ಮರಿಗಳನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ ಎಂಬುದೇ ಅದರ ಫಿಟ್ನೆಸ್. ಮರಿ ಹೆಚ್ಚಾದಷ್ಟೂ ಹೆಚ್ಚು ಫಿಟ್. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಇದರಿಂದಲೇ ನನಗೊಂದು ಗಂಡಾಂತರ ಕಾದಿತ್ತು.

ಒಂದು ಸಂಜೆ ಗೆಳೆಯನೂ ನಾನೂ ಶಿವಾಜಿನಗರದಲ್ಲಿ ಆಟೋ ಹತ್ತಿದೆವು. ಗಡಗಡ ಎನ್ನುವ ಹಳೆಯ ಗಾಡಿ. ಹಲಸೂರು ಕೆರೆ ದಾಟುವಷ್ಟರಲ್ಲಿ ಮಾತು ಎಂದಿನಂತೆ ಬಾಟಲಿಗಳ ಕಡೆ ಹೊರಳಿತು.

"ಹಳೇದರ ಫಿಟ್ನೆಸ್ ಎಲ್ಲಾ ಬಿದ್ದೋಗಿದೆ ಮಗಾ," ಎಂದ ಗೆಳೆಯ.

"ಬಿದ್ದೋಗಿದ್ರೆ ಇಟ್ಕೊಂಡು ಏನ್ ಮಾಡ್ತೀಯಾ? ನಾಳೆನೇ ತೆಗೆದು ಬಿಸಾಕು. ಫಿಟ್ ಇರೋದನ್ನ ಮಾತ್ರ ಬಿಡು."

"ಇವತ್ತೊಂದು ನೋಡ್ದೆ. ನಡುಗ್ತಾ ನಿಂತಿತ್ತು. ಅದರ ಕಥೆ ಮುಗೀತು."

ಆಟೋದವನು ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಕನ್ನಡಿ ಒರೆಸಿದ. ಅವನ ಪಾಲಿಗೆ ಫಿಟ್ನೆಸ್ ಎಂದರೆ ಒಂದೇ: ಆರ್‌ಟಿಓದವರು ಗಾಡಿ ಪರೀಕ್ಷಿಸಿ ಕೊಡುವ ಫಿಟ್ನೆಸ್ ಸರ್ಟಿಫಿಕೇಟು, ಅಂದರೆ ಎಫ್‌ಸಿ. ಅದು ನಮಗೆ ಆಮೇಲೆ ಹೊಳೆಯಿತು.

"ಸಾಬ್, ಆಪೀಸ್‌ನವ್ರಾ ನೀವು?"

"ಹೌದಪ್ಪಾ, ಆಫೀಸಿಂದಾನೇ ಬರ್ತಾ ಇದೀವಿ."

"ಗಾಡಿ ಹಳೇದು ಸಾಬ್, ಆದ್ರೆ ಕಂಡೀಷನ್ ಸೂಪರ್ ಇದೆ. ಹಾರ್ನ್ ನೋಡಿ." ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆದ. "ಇಂಡಿಕೇಟರ್ ನೋಡಿ." ಎಲ್ಲಿಗೂ ತಿರುಗದೆ ಇಂಡಿಕೇಟರ್ ಹಾಕಿದ. "ಬ್ರೇಕ್ ನೋಡಿ ಸಾಬ್!"

ನೋಡಲು ನಮಗೆ ಪುರುಸೊತ್ತು ಸಿಗಲಿಲ್ಲ. ಇಬ್ಬರ ಹಣೆಯೂ ಮುಂದಿನ ಕಂಬಿಗೆ ಬಡಿಯಿತು.

ಮನೆಗೆ ಬಂದಾಗ ಗೇಟಿನ ಹತ್ತಿರ ಓನರ್ ಮಗಳಿದ್ದಳು. ಹಣೆಯ ಮೇಲಿನ ಬುಗುಟು ನೋಡಿ ಗಾಬರಿಯಾಗಿ ಒಳಗೆ ಹೋಗಿ ಬಟ್ಟೆಯಲ್ಲಿ ಐಸು ಸುತ್ತಿ ತಂದು, ಒತ್ತಿ ಹಿಡಿದು, ನಡೆದದ್ದನ್ನೆಲ್ಲ ಕೇಳಿ ಮತ್ತೆ ನಕ್ಕಳು. ಐಸು ಕರಗುವವರೆಗೂ ಮಾತಾಡಿದೆವು, ಕರಗಿದ ಮೇಲೂ ಮಾತಾಡಿದೆವು. ಆ ಆಟೋದವನು ಇನ್ನೊಮ್ಮೆ ಸಿಕ್ಕರೆ ಅವನ ಗಾಡಿಗೆ ನಾನೇ ಓಡಾಡಿ ಎಫ್‌ಸಿ ಮಾಡಿಸಿಕೊಡುತ್ತೇನೆ.

೩. ನೊಣ

ಕೊನೆಗೊಂದು ದಿನ ಮದುವೆಯ ಮಾತೆತ್ತಿದೆ. ಅವಳು ಒಪ್ಪಿದಳು. ಆದರೆ ಒಂದು ಮಾತು ಹೇಳಿದಳು: "ಅಪ್ಪ ಒಪ್ಪದೆ ನಾನು ಬರಲ್ಲ. ಒಪ್ಸೋದು ನಿಮ್ ಕೆಲ್ಸ."

ಗೆಳೆಯನನ್ನು ಕೇಳಿದೆ. ಅವನು ಬಾಟಲಿಯ ಭಾಷೆಯಲ್ಲೇ ಸಲಹೆ ಕೊಟ್ಟ. "ಓನರ್‌ನ ನಿಧಾನಕ್ಕೆ ಬಿಸಿ ಮಾಡು ಗುರು. ಒಂದೇ ಸಲ ಹೇಳ್ಬಿಟ್ರೆ ಎಲ್ಲಾ ಸತ್ತೋಗುತ್ತೆ."

ಹಾಗೇ ಮಾಡಿದೆ. ಮೊದಲು ಬರೀ ನಮಸ್ಕಾರ. ಆಮೇಲೆ ನೀರಿನ ವಿಚಾರ. ಆಮೇಲೆ ಸೈಟಿನ ವಿಚಾರ. ಓನರ್ ನನಗೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸುವಷ್ಟು ಬೆಚ್ಚಗಾಗಿದ್ದರು. ಅಷ್ಟರಲ್ಲಿ ಊರಿಂದ ನನ್ನ ಅವ್ವ ಬಂದಳು.

ಓನರ್ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ಅವ್ವನೂ ಹೋಗಿ ಕೈಜೋಡಿಸಿದಳು.

"ನಿನ್ ಮಗ ಜನಸಂಖ್ಯೆ ಆಪೀಸಲ್ವೇನಮ್ಮಾ?" ಎಂದರು ಅಜ್ಜಿ.

"ಅದೇನೋ ನನಗ ಗೊತ್ತಿಲ್ರೀ ಅಮ್ಮಾರ. ದಿನಾ ನೊಣಾ ನೋಡ್ಕೋತ ಕುಂದರ್ತಾನ್ರೀ. ಓದು ಮುಗದಾಗಿಂದ ಅದ ಕೆಲಸ."

"ಅಯ್ಯೋ ಪಾಪ! ಬೇರೆ ಏನೂ ಸಿಗ್ಲಿಲ್ವಾ?"

"ಲೆಕ್ಕದ ಮಾಸ್ತರ ಆಗಪಾ ಅಂದ್ವಿರೀ. ಕೇಳ್ಲಿಲ್ಲ. ನೊಣದಾಗ ಭಾಳ ಅದ ಅಂತಾನ."

ವ್ಯಾಪಾರವಿಲ್ಲದ ಅಂಗಡಿಯವನನ್ನು, ಕೆಲಸವಿಲ್ಲದ ಗಂಡಸನ್ನು 'ನೊಣ ಹೊಡೀತಾ ಕೂತಿದ್ದಾನೆ' ಎನ್ನುವ ನಾಡಿನಲ್ಲಿ ಈ ಮಾತು ಹೇಗೆ ಕೇಳಿಸಿರಬೇಕು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ನೋಡಿದರೆ ಎರಡನೆಯ ಕುರ್ಚಿ ಒಳಗೆ ಹೋಗಿತ್ತು.

"ಗೌರ್ಮೆಂಟ್ ಕೆಲ್ಸ ಅಂದಿದ್ರಲ್ಲ ಸಾರ್?" ಎಂದರು ಓನರ್.

"ಹೌದು ಸಾರ್."

"ನೊಣ ಹೊಡೀತಾ ಕೂತಿರ್ತೀರಂತೆ?"

"ಹೊಡೆಯಲ್ಲ ಸಾರ್," ಎಂದೆ ಗಾಬರಿಯಲ್ಲಿ. "ಸಾಕ್ತೀವಿ."

ಓನರ್ ಕುರ್ಚಿಗೆ ಒರಗಿದರು. "ಗೌರ್ಮೆಂಟ್ ಕೆಲ್ಸದಲ್ಲಿ ನೊಣ ಹೊಡೆಯೋರನ್ನ ಬೇಕಾದಷ್ಟು ನೋಡಿದೀನಿ. ಸಾಕೋರನ್ನ ಇವತ್ತೇ ನೋಡಿದ್ದು."

೪. ಮಾಡೆಲ್

ಹಾಳಾದದ್ದನ್ನು ತಾನು ಸರಿಮಾಡುತ್ತೇನೆಂದು ಗೆಳೆಯ ಹೊರಟ. ಬೇಡವೆಂದರೂ ಕೇಳಲಿಲ್ಲ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಓನರ್‌ಗೆ ಹೇಳಿದ:

"ಸಾರ್, ಇವನನ್ನ ಹಂಗೆಲ್ಲ ಅಂದ್ಕೋಬೇಡಿ. ಇವನು ಮಾಡೆಲಿಂಗ್ ಮಾಡ್ತಾನೆ. ಇವನ ಮಾಡೆಲ್ ನೋಡಿ ಫಾರಿನ್‌ನವ್ರೇ ಭೇಷ್ ಅಂದಿದಾರೆ."

ಗಣಿತದಲ್ಲಿ ಮಾಡೆಲ್ ಎಂದರೆ ನಾಲ್ಕು ಸಮೀಕರಣ. ಆದರೆ ಆ ಕಾಲದಲ್ಲಿ ಪೇಪರ್ ತುಂಬ ಸೌಂದರ್ಯ ಸ್ಪರ್ಧೆಗಳ ಸುದ್ದಿ. ಓನರ್ ನನ್ನನ್ನು ತಲೆಯಿಂದ ನೋಡಲು ಶುರುಮಾಡಿದರು. ಆಗಲೇ ಹಿಂದಕ್ಕೆ ಸರಿಯುತ್ತಿದ್ದ ಕೂದಲು, ದಪ್ಪ ಕನ್ನಡಕ, ಹ್ಯಾಂಗರಿಗೆ ಹಾಕಿದಂತೆ ನೇತಾಡುವ ಅಂಗಿ, ಕೊನೆಗೆ ಹವಾಯಿ ಚಪ್ಪಲಿ. ಚಪ್ಪಲಿಯಿಂದ ಮತ್ತೆ ಮೇಲಕ್ಕೆ ಬಂದರು.

"ಯಾವ ಸೋಪಿಗೆ?"

ಒಳಗಿನಿಂದ ಅಜ್ಜಿ ಉತ್ತರ ಕೊಟ್ಟರು.

"ಸೋಪಿಗಲ್ಲ ಕಣೋ, ಟಾನಿಕ್‌ಗಿರ್ಬೇಕು. ಕುಡಿಯೋಕ್ ಮುಂಚೆ ಅಂತ ಹಾಕ್ತಾರಲ್ಲ, ಆ ಫೋಟೋ ಇವನ್ದು."

೫. ಲೆಕ್ಕ

ಈ ಸಲ ಅವಳು ನಗಲಿಲ್ಲ. "ಕೆ.ಆರ್. ಪುರದಿಂದ ಭಾನುವಾರ ನನ್ನ ನೋಡೋಕೆ ಬರ್ತಾರೆ. ಹಾರ್ಡ್‌ವೇರ್ ಅಂಗಡಿ ಅಂತೆ. ಅದಕ್ಕೆ ಮುಂಚೆ ನೀವೇ ಬಂದು ಅಪ್ಪನ ಹತ್ರ ನೇರವಾಗಿ ಮಾತಾಡಿ," ಎಂದು ಹೇಳಿ ಹೋದಳು.

ನನಗೆ ನಿಜಕ್ಕೂ ಭಯವಾಯಿತು. ಆ ಹಾರ್ಡ್‌ವೇರ್ ಅಂಗಡಿಯವನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಅವನು ತನ್ನ ಕೆಲಸವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮೊಳೆ ಎಂದರೆ ಮೊಳೆ, ನಲ್ಲಿ ಎಂದರೆ ನಲ್ಲಿ.

ಶನಿವಾರ ಸಂಜೆ ಒಗೆದ ಅಂಗಿ ಹಾಕಿಕೊಂಡು ಹೋದೆ. ಹಾಲಿನಲ್ಲಿ ಓನರ್ ಮತ್ತು ಅಜ್ಜಿ. ಅವಳು ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದಳು. ನಿಧಾನಕ್ಕೆ ಬಿಸಿ ಮಾಡಲು ಇನ್ನು ಸಮಯವಿರಲಿಲ್ಲ.

"ಸಾರ್, ನಿಮ್ ಮಗಳನ್ನ ಮದ್ವೆ ಆಗ್ಬೇಕು ಅಂತಿದೀನಿ."

ಓನರ್ ಕೋಪಿಸಿಕೊಳ್ಳಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. "ಮೊದ್ಲು ನಿಮ್ ಕೆಲ್ಸ ಏನು ಹೇಳಿ. ಇಂಗ್ಲಿಷ್ ಬೇಡ."

"ನಿಮ್ಮ ಊರನ್ನೇ ತಗೊಳ್ಳಿ ಸಾರ್. ಮೊದ್ಲು ಇಲ್ಲಿ ಬರೀ ಹೊಲ. ನಿಧಾನಕ್ಕೆ ಸಿಟಿ ಬಂತು. ರಾಗಿ ಬೆಳೆಯೋರು ಕಡಿಮೆ ಆದ್ರು, ಮನೆ ಕಟ್ಸೋರು ಜಾಸ್ತಿ ಆದ್ರು. ಊರು ಉಳ್ಕೊಳ್ತು. ಅದೇ ಸಿಟಿ ಒಂದೇ ಸಲ ಮೈಮೇಲೆ ಬಿದ್ದಿದ್ರೆ ಯಾರೂ ಉಳೀತಿರ್ಲಿಲ್ಲ. ಎಷ್ಟು ನಿಧಾನಕ್ಕೆ ಬದಲಾದ್ರೆ ಉಳೀತಾರೆ, ಅದನ್ನ ಲೆಕ್ಕ ಹಾಕೋದು ನನ್ ಕೆಲ್ಸ."

ಓನರ್ ಮುಂದಕ್ಕೆ ಬಾಗಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಗೌರವ ಕಂಡಿತು.

"ನಮ್ ಊರಿನ ಮೇಲೆ ಲೆಕ್ಕ ಹಾಕಿದೀರಾ?"

ಹೂಂ ಎಂದಿದ್ದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. "ಇಲ್ಲ ಸಾರ್, ನೊಣದ ಮೇಲೆ. ಎರಡೂ ಒಂದೇ," ಎಂದೆ.

"ಅಂದ್ರೆ ನಾನು ನೊಣಾನಾ?"

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಹಾರ್ಡ್‌ವೇರ್ ಅಂಗಡಿಯವನು ಹಾರ ಹಾಕಿಕೊಂಡು ನನ್ನ ಕಣ್ಣಮುಂದೆ ಹಾದುಹೋದ.

ಕಾಪಾಡಿದ್ದು ಅಜ್ಜಿ. "ಸುಮ್ನಿರೋ, ನೊಣ ಅಂದ್ರೆ ಏನ್ ಸಾಮಾನ್ಯಾನಾ? ಎಷ್ಟು ಹೊಡೆದ್ರೂ ಇನ್ನೂ ಇಲ್ವಾ?" ಎಂದು ಮಗನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದರು. "ನೋಡಪ್ಪಾ, ನೀನು ನೊಣಾನಾದ್ರೂ ಸಾಕು, ಸೊಳ್ಳೆನಾದ್ರೂ ಸಾಕು. ನಂಗಿರೋದು ಒಂದೇ ಚಿಂತೆ. ಜನಸಂಖ್ಯೆ ಅಂತ ಹೇಳ್ಕೊಂಡು ಬಂದೋನು ನೀನು. ನಾಳೆ ಮದ್ವೆ ಆದ್ಮೇಲೆ ಮಕ್ಕಳು ಬೇಡ ಅಂದ್ಬಿಟ್ರೆ?"

ಪಾಪ, ಮೊದಲ ದಿನದಿಂದ ಅವರ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಅದು. "ಛೆ ಛೆ, ಹಂಗೇನಿಲ್ಲ ಅಜ್ಜಿ," ಎಂದೆ. ಅಷ್ಟು ಸಾಕಾಗಿತ್ತು. ಆದರೆ ಹೆದರಿಕೆಯಲ್ಲಿ ನಾಲಿಗೆ ನಿಲ್ಲಬೇಕಲ್ಲ.

"ನಮ್ಮ ಶಾಸ್ತ್ರದಲ್ಲಿ ಮಕ್ಕಳು ಜಾಸ್ತಿ ಆದಷ್ಟೂ ಫಿಟ್ ಅಂತ ಲೆಕ್ಕ ಅಜ್ಜಿ. ಒಂದೊಂದು ನೊಣ ನೂರಾರು ಮೊಟ್ಟೆ ಇಡುತ್ತೆ. ವಾತಾವರಣ ಯಾವಾಗ ಹೇಗೆ ಕೈಕೊಡುತ್ತೋ ಹೇಳೋಕಾಗಲ್ಲ ನೋಡಿ. ಅದಕ್ಕೇ ಎಷ್ಟಿದ್ರೂ ಒಳ್ಳೇದೇ!"

ಅಜ್ಜಿಯ ಮುಖ ಅರಳಿತು. ಅಡುಗೆಮನೆಯಲ್ಲಿ ಒಂದು ಪಾತ್ರೆ ಕೆಳಗೆ ಬಿತ್ತು. ಅವಳು ಕೆಂಪಗಾದ ಮುಖದಲ್ಲಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು. ನನ್ನ ಕಡೆ ನೋಡಲೇ ಇಲ್ಲ. ತಟ್ಟೆಯನ್ನು ಅಪ್ಪನ ಮುಂದಿಟ್ಟು ಹೇಳಿದಳು:

"ಅಪ್ಪಾ, ನಂಗೆ ಒಪ್ಗೆ ಇದೆ. ಆದ್ರೆ ಆ ಲೆಕ್ಕ ನೊಣಕ್ಕೆ ಮಾತ್ರ ಅಂತ ಮೊದ್ಲು ಇವರ ಬಾಯಿಂದ ಹೇಳ್ಸಿ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಓನರ್ ಸ್ವಲ್ಪ ಹೊತ್ತು ಬಿಗಿಯಾಗಿ ಕೂತು ನೋಡಿದರು, ಆಗಲಿಲ್ಲ, ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. ಆಮೇಲೆ ಒಂದು ಲೋಟ ಎತ್ತಿಕೊಂಡು, ದೀಪದ ಕಡೆ ಓರೆ ಮಾಡಿ ಒಳಗೆಲ್ಲ ಇಣುಕಿ ನೋಡಿ, ನನ್ನ ಮುಂದೆ ಇಟ್ಟರು.

"ತಗೊಳ್ಳಿ ಅಳಿಯಂದ್ರೇ. ನೊಣ ಒಂದೂ ಬಿದ್ದಿಲ್ಲ. ನಾನೇ ಎಣ್ಸಿ ನೋಡಿದೀನಿ."