ಸಂತಾಪದ ಮೇಷ್ಟ್ರ ಸಾಕ್ಷಿ

ಗೋಡೆಗಡಿಯಾರ ಕಳುವಾದ ಬೆಳಿಗ್ಗೆ ಮೇಷ್ಟ್ರು ಹೆಂಡತಿಯನ್ನು ಎರಡನೆಯ ಸಲ ಕಳೆದುಕೊಂಡವರಂತೆ ಕುಳಿತುಬಿಟ್ಟರು. ದಿನವೂ ಅದಕ್ಕೆ ಕೀಲಿ ಕೊಡುತ್ತಿದ್ದವಳು ಆಕೆ. ಆಕೆ ಹೋದ ಮೇಲೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅದೊಂದೇ.

ಅದನ್ನು ಕಂಕುಳಲ್ಲಿ ಇರುಕಿಕೊಂಡು ಕಿಟಕಿಯಿಂದ ಇಳಿದವನನ್ನು ಅವರು ಕಣ್ಣಾರೆ ಕಂಡಿದ್ದರು: ಅದೇ ಬೀದಿಯ ಬೀಗ ರಿಪೇರಿಯವನು. ಪೊಲೀಸರಿಗೆ ಗಡಿಯಾರ ಅವನ ಮನೆಯಲ್ಲೇ ಸಿಕ್ಕಿತು. ಅವನು, "ಇದು ನಮ್ಮಪ್ಪನದು" ಎಂದ. ಮೇಷ್ಟ್ರ ಹೊರತು ಬೇರೆ ಸಾಕ್ಷಿ ಇರಲಿಲ್ಲ.

ವಿಚಾರಣೆಯ ದಿನ ಬೀದಿಗೆ ಬೀದಿಯೇ ಕೋರ್ಟಿಗೆ ಬಂತು.

"ಹೆದರ್ಬೇಡಿ ಮೇಷ್ಟ್ರೇ," ಎಂದಳು ಪಕ್ಕದ ಮನೆಯಾಕೆ. "ನಿಮ್ಮ ಮಾತು ನಂಬದೋರು ಯಾರಿದ್ದಾರೆ?"

ಅದೂ ನಿಜವೇ. ಯಾರು ತೀರಿಕೊಂಡರೂ ಸಾವಿನ ಮನೆಯಲ್ಲಿ ನಾಲ್ಕು ಮಾತಾಡುತ್ತಿದ್ದವರು ಅವರೇ. ಜನ ಅವರನ್ನು ಸಂತಾಪದ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಆರೋಪಿಯ ವಕೀಲರು ನಗುತ್ತ ಎದ್ದರು.

"ಹಾಲಿನವರು ತೀರಿಕೊಂಡಾಗ, ಅವರದು ಹಾಲಿನಂಥ ಮನಸ್ಸು ಅಂದ್ರಿ. ನೀರು ಬೆರೆಸ್ತಿದ್ದದ್ದು ಗೊತ್ತಿರಲಿಲ್ವಾ?"

"ನಾನು ಹೇಳಿದ್ದು ಮನಸ್ಸಿನ ಬಗ್ಗೆ ಸ್ವಾಮಿ. ಹಾಲಿನ ಬಗ್ಗೆ ಅಲ್ಲ."

ಕೋರ್ಟು ನಕ್ಕಿತು.

"ಕಂಟ್ರಾಕ್ಟರು ಅಜಾತಶತ್ರು ಅಂದ್ರಿ. ಸ್ವಂತ ತಮ್ಮಂದಿರೇ ಅವರ ಮೇಲೆ ಕೇಸು ಹಾಕಿದ್ರಲ್ಲ?"

"ಹೋದವರ ಬಗ್ಗೆ ಕೆಟ್ಟದ್ದು ಹೇಗೆ ಆಡೋದು?"

"ಸರಿ. ಈ ಆರೋಪಿಯ ತಂದೆ ತೀರಿಕೊಂಡಾಗ ಏನಂದ್ರಿ? 'ಈ ಅಪ್ಪ ಮಗ ಇನ್ನೊಬ್ಬರ ಸೂಜಿಯನ್ನೂ ಮುಟ್ಟಿದವರಲ್ಲ.' ಅದು ನಿಜವೋ ಸುಳ್ಳೋ?"

ಮೇಷ್ಟ್ರ ಬಾಯಿ ಮುಚ್ಚಲು ಮರೆತ ಅಂಗಡಿಯಂತೆ ತೆರೆದೇ ಉಳಿಯಿತು. ನಿಜವೆಂದರೆ ಕಳ್ಳ ಪ್ರಾಮಾಣಿಕ. ಸುಳ್ಳೆಂದರೆ ತಾವೇ ಸುಳ್ಳುಗಾರರು.

"ಅದು... ಸಂತಾಪ," ಎಂದರು.

ಊಟದ ಬಿಡುವು ಮುಗಿದ ಮೇಲೆ ನ್ಯಾಯಾಧೀಶರು ತೀರ್ಪು ಕೊಟ್ಟರು: ಈ ಸಾಕ್ಷಿಯನ್ನು ನಂಬುವಂತಿಲ್ಲ. ಆರೋಪಿ ಬಿಡುಗಡೆ. ಗಡಿಯಾರವೂ ಅವನಿಗೇ.

ಮೇಷ್ಟ್ರು ಮನೆಗೆ ಬಂದು ಖಾಲಿ ಮೊಳೆಯನ್ನು ನೋಡುತ್ತ ಕುಳಿತರು. ಸಂಜೆ ಯಾರೋ ಬಾಗಿಲು ತಟ್ಟಿದರು. ಬೀಗ ರಿಪೇರಿಯವನು. ಅತ್ತು ಕಣ್ಣು ಕೆಂಪಾಗಿತ್ತು.

"ಅಮ್ಮ ಹೋದಳು ಮೇಷ್ಟ್ರೇ. ಹಾಸಿಗೆ ಹಿಡಿದಿದ್ದಳು. ನಾನು ಬಿಡುಗಡೆ ಆದೆ ಅಂತ ಕೇಳಿ ಹಾಗೇ ಕಣ್ಣು ಮುಚ್ಚಿದಳು. ನೀವೇ ಬಂದು ಮಾತಾಡ್ಬೇಕು."

ಮೇಷ್ಟ್ರು ಬಾಗಿಲನ್ನು ಅರ್ಧ ಮುಚ್ಚಿದರು. "ನನ್ನ ಮಾತು ಯಾರಪ್ಪ ನಂಬ್ತಾರೆ?"

"ಕೋರ್ಟಲ್ಲಿ ನಂಬಲ್ಲ. ಸಾವಿನ ಮನೇಲಿ ಎಲ್ಲರೂ ನಂಬ್ತಾರೆ."

ಕರೆದ ಸಾವಿನ ಮನೆಗೆ ಹೋಗದೆ ಇರುವುದು ಅವರಿಗೆ ಗೊತ್ತಿರಲಿಲ್ಲ. ಹೋದರು. ಬೀದಿಯೆಲ್ಲ ಅಲ್ಲೇ ಇತ್ತು. ತೀರಿಕೊಂಡಾಕೆಯ ತಲೆಯ ಮೇಲುಗಡೆ, ಗೋಡೆಯಲ್ಲಿ, ಅವರ ಗಡಿಯಾರ ನಿಂತುಹೋಗಿತ್ತು. ಇವತ್ತು ಇದ್ದದ್ದನ್ನೇ ಹೇಳಿಬಿಡುತ್ತೇನೆ ಎಂದುಕೊಂಡು ಮೇಷ್ಟ್ರು ಎದ್ದರು. ಆಗ ಬೀಗ ರಿಪೇರಿಯವನು ಅವರ ಕಿವಿಯ ಬಳಿ ಬಗ್ಗಿದ.

"ಮೇಷ್ಟ್ರೇ, ಇದು ನಿಂತು ನಿಂತು ಹೋಗುತ್ತೆ. ನಿಮ್ಮ ಮನೆಯವರು ಹೇಗೆ ಓಡಿಸ್ತಿದ್ರು?"

ಮೇಷ್ಟ್ರು ತಟ್ಟನೆ ಪಕ್ಕದ ಮನೆಯಾಕೆಯತ್ತ ತಿರುಗಿ, "ಕೇಳಿದ್ಯೇನಮ್ಮ? ಅವನೇ ಒಪ್ಕೊಂಡ," ಎಂದರು.

"ಸುಮ್ನಿರಿ ಮೇಷ್ಟ್ರೇ. ನೀವು ಹೇಳಿದ್ರೆ ಯಾರು ನಂಬ್ತಾರೆ?"

ಎಲ್ಲರೂ ಕಾಯುತ್ತಿದ್ದರು. ಮೇಷ್ಟ್ರು ತೀರಿಕೊಂಡಾಕೆಯ ಮುಖ ನೋಡಿದರು. ಬಾಯಿ ತನ್ನ ಹಳೆಯ ದಾರಿಯನ್ನೇ ಹಿಡಿಯಿತು: "ಈ ತಾಯಿ ಮಗನನ್ನು ಬಂಗಾರದ ಹಾಗೆ ಬೆಳೆಸಿದರು." ಬೀಗ ರಿಪೇರಿಯವನು ಬಿಕ್ಕಿ ಬಿಕ್ಕಿ ಅತ್ತ.

ಮೇಷ್ಟ್ರು ಕಣ್ಣು ಮುಚ್ಚಿ ಕೈ ಜೋಡಿಸಿದರು. "ತಂದೆಯೇ, ಈ ಜೀವಕ್ಕೆ ಶಾಂತಿ ಕೊಡು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಉಳಿದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡರು: ಮೊದಲೇ ಹೋದ ನನ್ನವಳಿಗೂ ಕೊಡು. ಗಡಿಯಾರ ಎಲ್ಲಿ ಎಂದು ಅವಳು ಕೇಳಿದರೆ ನೀನೇ ಹೇಳು, ದೇವರೇ. ನಾನು ಹೇಳಿದರೆ ನಂಬಲಿಕ್ಕಿಲ್ಲ.