ಹಿಮಾಲಯಕ್ಕಾಗಿ ಬಿಟ್ಟ ಒಬ್ಬಟ್ಟು

ತಿನ್ನು ಎಂದು ಯಾರಾದರೂ ಹೇಳಿದರೆ ಎರಡನೇ ಸಲ ಹೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ನಡೆ ಎಂದರೆ ಮಾತ್ರ ಸ್ವಲ್ಪ ಯೋಚಿಸುತ್ತೇನೆ. ಇಂಥ ನಾನು ತೊಂಬತ್ತೆರಡರಲ್ಲೋ ತೊಂಬತ್ಮೂರರಲ್ಲೋ ಹಿಮಾಲಯದಲ್ಲಿ ಹದಿಮೂರು ಸಾವಿರ ಅಡಿ ಹತ್ತುವ ಚಾರಣವೊಂದಕ್ಕೆ ಹೆಸರು ಕೊಟ್ಟೆ. ದೇವನಹಳ್ಳಿಯ ಕಚೇರಿಯಲ್ಲಿ ನನ್ನ ಮೇಜಿನ ಎದುರು ಹಿಮದ ಬೆಟ್ಟವಿದ್ದ ಹಳೆಯ ಕ್ಯಾಲೆಂಡರೊಂದು ನೇತಾಡುತ್ತಿತ್ತು. ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಅದನ್ನು ಇಳಿಸಲು ಯಾರೂ ಎದ್ದಿರಲಿಲ್ಲ. ಪಹಣಿ ಬರೆದು ಬರೆದು ತಲೆಯೆತ್ತಿದಾಗಲೆಲ್ಲ ಅದೇ ಬೆಟ್ಟ. ಸಾಯುವುದರೊಳಗೆ ಒಮ್ಮೆ ಅಲ್ಲಿ ನಿಲ್ಲಬೇಕೆಂಬ ಆಸೆ ಹತ್ತಿಕೊಂಡಿತು. ಉಳಿದದ್ದನ್ನೆಲ್ಲ ನೀವು ತಮಾಷೆಯೆಂದುಕೊಳ್ಳಬಹುದು, ಆ ಆಸೆ ಮಾತ್ರ ತಮಾಷೆಯದಾಗಿರಲಿಲ್ಲ.

ಚಾರಣದವರು ಕಳುಹಿಸಿದ ಕಾಗದದಲ್ಲಿ ಮೂರು ಮಾತಿದ್ದವು. ಕಾಳು, ಹಣ್ಣು, ಮೊಟ್ಟೆ ಚೆನ್ನಾಗಿ ತಿನ್ನಿ. ದಿನವೂ ಹತ್ತು ಕೆಜಿ ಬೆನ್ನಿಗೆ ಹಾಕಿಕೊಂಡು ನಡೆಯಿರಿ. ಡಾಕ್ಟರ ಸರ್ಟಿಫಿಕೇಟ್ ತನ್ನಿ. ಮೊದಲನೆಯದನ್ನು ಅಂದೇ ಶುರುಮಾಡಿದೆ. ಎರಡನೆಯದಕ್ಕೆ ಚೀಲದಲ್ಲಿ ಹತ್ತು ಸೇರು ರಾಗಿ ತುಂಬಿಕೊಂಡು ಬೆಳಗ್ಗೆ ಕೋಟೆ ಸುತ್ತತೊಡಗಿದೆ. "ಏನಪ್ಪಾ, ಮಿಲ್ಲು ಆ ಕಡೆ ಅಲ್ವಾ?" ಎಂದು ಎದುರು ಸಿಕ್ಕವರೆಲ್ಲ ದಾರಿ ತೋರಿಸಿದರು. ಉತ್ತರ ಹೇಳಿ ಸಾಕಾಗಿ, ನಾಲ್ಕನೇ ದಿನ ನಿಜವಾಗಿಯೂ ಮಿಲ್ಲಿಗೇ ಹೋಗಿ ಹಿಟ್ಟು ಮಾಡಿಸಿಕೊಂಡು ಬಂದೆ.

ಅಷ್ಟರಲ್ಲಿ ಸುದ್ದಿ ಜಡಿಗೇನಹಳ್ಳಿಯ ದೊಡ್ಡಮ್ಮನಿಗೆ ಮುಟ್ಟಿತು. ನಮ್ಮ ಕಡೆ ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು. ಆಮೇಲೆ ಈ ಜನ್ಮದಲ್ಲಿ ಅದನ್ನು ಮುಟ್ಟುವಂತಿಲ್ಲ. ನಾನೂ ಏನಾದರೂ ಬಿಡಲೇಬೇಕೆಂದು ದೊಡ್ಡಮ್ಮ ಹಟ ಹಿಡಿದಳು. "ನಾನು ಹೋಗ್ತಿರೋದು ಕಾಶಿಗಲ್ಲ ದೊಡ್ಡಮ್ಮ, ಬೆಟ್ಟ ಹತ್ತೋಕೆ" ಎಂದೆ. "ಹಿಮಾಲಯ ಅಂದ್ರೆ ಶಿವನ ಮನೆ ಕಣಪ್ಪಾ, ಕಾಶಿಗಿಂತ ಒಂದು ಕೈ ಮೇಲು. ಏನು ಬಿಡ್ತೀಯ ಹೇಳು" ಎಂದಳು. ನಾನಿನ್ನೂ ಯೋಚಿಸಿಲ್ಲವೆಂದು ಹೇಳಿದ್ದೇ ತಪ್ಪಾಯಿತು. ಏನು ಬಿಡುತ್ತಾನೋ ಏನೋ, ಕೊನೇ ಸಲ ತಿಂದುಕೊಳ್ಳಲಿ ಎಂದು ನೆಂಟರೆಲ್ಲ ಸರದಿಯಲ್ಲಿ ಊಟಕ್ಕೆ ಕರೆದರು. ಹೊಸಕೋಟೆಯಲ್ಲಿ ನಾಟಿಕೋಳಿ ಸಾರು, ದೊಡ್ಡಬಳ್ಳಾಪುರದಲ್ಲಿ ಕಜ್ಜಾಯ, ನೆಲಮಂಗಲದಲ್ಲಿ ಬಸ್ಸಾರು, ಮುದ್ದೆ. ಒಂದೊಂದು ಮನೆಯವರೂ ನಾನು ಬಿಡುವುದು ತಮ್ಮ ಅಡುಗೆಯನ್ನೇ ಎಂದು ನಂಬಿ ಮರುಗುತ್ತಾ ಬಡಿಸಿದರು. ಮರುಗುವವರಿಗೆ ಬೇಡವೆನ್ನುವುದು ಹೇಗೆ?

ತಿಂಗಳಾದ ಮೇಲೆ ಸರ್ಟಿಫಿಕೇಟಿಗೆ ಹೋದರೆ ನಮ್ಮೂರ ಡಾಕ್ಟರು ತಕ್ಕಡಿಯ ಮುಳ್ಳನ್ನೂ ನನ್ನನ್ನೂ ಸರದಿಯಲ್ಲಿ ನೋಡಿದರು. "ಬೆಟ್ಟ ಹತ್ತೋಕೆ ಹೋಗ್ತಿದೀರೋ, ಬೆಟ್ಟ ಆಗೋಕೋ? ಐದು ಕೆಜಿ ಇಳಿಸ್ಕೊಂಡು ಬನ್ನಿ, ಸೈನ್ ಹಾಕ್ತೀನಿ. ಇಲ್ಲಾಂದ್ರೆ ನಂದಿಬೆಟ್ಟ ನೋಡ್ಕೊಂಡು ಸುಮ್ಮನಿರಿ." ಉಳಿದಿದ್ದದ್ದು ಐದೇ ವಾರ. ಮನೆಗೆ ಬಂದರೆ ದೊಡ್ಡಮ್ಮ ಬಂದಿದ್ದಳು. ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿತ್ತು. ಒಬ್ಬಟ್ಟೆಂದರೆ ನನಗೆ ಪ್ರಾಣ. ಆದರೆ ಕ್ಯಾಲೆಂಡರಿನ ಬೆಟ್ಟ ಕಣ್ಣ ಮುಂದೆ ಬಂತು. "ದೊಡ್ಡಮ್ಮ, ನಾನು ಬಿಡೋದು ಒಬ್ಬಟ್ಟು. ಇವತ್ತಿನಿಂದ್ಲೇ ಬಿಟ್ಟೆ" ಎಂದುಬಿಟ್ಟೆ. ಹಾಗಲಕಾಯಿ ಎನ್ನಬಹುದಿತ್ತು, ಆದರೆ ನನ್ನ ನಾಲಿಗೆಯನ್ನು ತೊಟ್ಟಿಲಿನಿಂದ ಬಲ್ಲವಳು ನಂಬಬೇಕಲ್ಲ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಪಾಯ ಫಲಿಸಿತು. ಬಿಡುವುದು ಯಾವುದೆಂದು ಗೊತ್ತಾದ ಮೇಲೆ ಉಳಿದದ್ದನ್ನು ಕೊನೇ ಸಲವೆಂದು ಬಡಿಸಲು ಯಾರಿಗೂ ನೆಪವಿರಲಿಲ್ಲ, ಕರೆಯುವುದು ನಿಂತಿತು. ಹೆಸರುಕಾಳು ತಿಂದು, ಚೀಲಕ್ಕೆ ಮತ್ತೆ ರಾಗಿ ತುಂಬಿ ಹೊತ್ತು ನಂದಿಬೆಟ್ಟದ ಮೆಟ್ಟಿಲು ಹತ್ತಿಳಿದು ಐದೂವರೆ ಕೆಜಿ ಇಳಿದೆ. ಡಾಕ್ಟರು ಸೈನ್ ಹಾಕಿದರು.

ಹದಿಮೂರು ಸಾವಿರ ಅಡಿ ಹತ್ತಿದೆ. ಅಷ್ಟು ಎತ್ತರದಲ್ಲಿ ನನ್ನಂಥವನಿಗೂ ಹಸಿವಾಗುವುದಿಲ್ಲವೆಂದು ಅಲ್ಲೇ ಗೊತ್ತಾಯಿತು. ಹೆಂಡತಿ ಸರೋಜ ಕಟ್ಟಿಕೊಟ್ಟಿದ್ದ ಹುರಿಹಿಟ್ಟನ್ನು ಬೆಲ್ಲದ ಜೊತೆ ಹೇಗೋ ನುಂಗಿಕೊಂಡು ಹೆಜ್ಜೆ ಎಣಿಸಿಕೊಂಡು ಹೋದೆ. ಮೇಲೆ ನಿಂತಾಗ ಖುಷಿಗೆ ಅತ್ತುಬಿಟ್ಟೆ.

ಊರಿಗೆ ಬಂದರೆ ಬೆಟ್ಟದ ಬಗ್ಗೆ ಒಬ್ಬರೂ ಕೇಳಲಿಲ್ಲ. ತೆಗೆದ ಫೋಟೋಗಳನ್ನು ನಾನೇ ನೋಡಿಕೊಂಡೆ. ಮುಂದಿನ ಯುಗಾದಿಗೆ ಸರೋಜ ಎಲ್ಲರ ಎಲೆಗೂ ಒಬ್ಬಟ್ಟು ಹಾಕಿ, ನನ್ನ ಎಲೆಗೆ ಅನ್ನ, ಒಬ್ಬಟ್ಟಿನ ಸಾರು ಬಡಿಸಿದಳು. "ಲೇ, ಅವತ್ತು ಊಟ ತಪ್ಪಿಸ್ಕೊಳ್ಳೋಕೆ ಹೇಳಿದ್ದು ಕಣೇ" ಎಂದೆ ಮೆಲ್ಲಗೆ. "ಶಿವನ ಹೆಸರಲ್ಲಿ ಬಿಟ್ಟಿದ್ದನ್ನ ಹಂಗೆಲ್ಲ ಅನ್ಬೇಡಿ. ಮಕ್ಕಳು ಮರಿ ಇರೋ ಮನೆ" ಎಂದು ತುಪ್ಪದ ಗಿಂಡಿ ಹಿಡಿದು ಮುಂದೆ ಹೋದಳು.

ಈಗ ಮದುವೆಮನೆಯ ಪಂಕ್ತಿಯಲ್ಲಿ ಕೂತರೆ, ಒಬ್ಬಟ್ಟಿನ ತಟ್ಟೆ ಹತ್ತಿರ ಬರುವ ಮೊದಲೇ ದೊಡ್ಡಮ್ಮನ ದನಿ ಕೇಳಿಸುತ್ತದೆ. "ಅವನಿಗೆ ಹಾಕ್ಬೇಡ್ರಪ್ಪಾ, ಹಿಮಾಲಯದಾಗೆ ಬಿಟ್ಟವ್ನೆ." ಅವಳ ಮುಖದಲ್ಲಿ ಎಷ್ಟು ಹೆಮ್ಮೆಯೆಂದರೆ, ನಿಜ ಹೇಳಲು ಬಾಯಿ ಬರುವುದಿಲ್ಲ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ಗೌರವದಿಂದ ನೋಡುತ್ತಾರೆ. ನಾನೂ ದೊಡ್ಡ ತ್ಯಾಗಿಯ ಮುಖ ಮಾಡಿಕೊಂಡು ಪಲ್ಯ ಕಲಸುತ್ತೇನೆ. ಹದಿಮೂರು ಸಾವಿರ ಅಡಿ ಹತ್ತಿ ಬಂದವನಿಗೆ, ಪಕ್ಕದ ಎಲೆಯವರೆಗೆ ಕೈ ಚಾಚುವ ಧೈರ್ಯ ಇನ್ನೂ ಬಂದಿಲ್ಲ.