ಹೊಸಬನೆಂದು ದಯಪಾಲಿಸಿದ ಕ್ಷಮೆಯನ್ನು ವಾಪಸು ಪಡೆಯುವ ಬಗ್ಗೆ

ಇಂದ:
ಗಡಿಯಾರ ರಿಪೇರಿಯವನು (ಇನ್ನು ಮುಂದೆ ‘ಅರ್ಜಿದಾರ’),
ಓಣಿಯ ತಿರುವಿನ ಅಂಗಡಿ ಮತ್ತು ಅದರ ಹಿಂದಿನ ಎರಡು ಕೋಣೆ.
(ಪುರಸಭೆಯ ಮೆಟ್ಟಿಲ ಕೆಳಗೆ ಕೂತು ಅರ್ಜಿ ಬರೆಯುವವನ ಮೂಲಕ)

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ, ಅದೇ ಮೆಟ್ಟಿಲ ಮೇಲೆ.

ವಿಷಯ: ಅರ್ಜಿದಾರನಿಗೆ ನೀಡಿರುವ ಕ್ಷಮೆಯನ್ನು ರದ್ದುಪಡಿಸಿ, ಊರಿನವರಿಗೆ ಕೊಡುವಂಥದೇ ಶಿಕ್ಷೆಯನ್ನು ಕೊಡಿಸುವ ಬಗ್ಗೆ.

ಉಲ್ಲೇಖ:
1. ಎರಡು ಮಂದಿರದ ಗಂಟೆಗಳು ಒಟ್ಟಿಗೆ ಬಾರಿಸಿದ ಪ್ರಕರಣದಲ್ಲಿ ಪುರಸಭೆಯ ಸರ್ವಾನುಮತದ ಠರಾವು.
2. ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ, ಈ ದಿನ ಬೆಳಿಗ್ಗೆ, ಒಲೆಯ ಮುಂದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಕ್ಷಮೆ ಬೇಕು ಎಂದು ಅರ್ಜಿ ಬರೆಸಿಕೊಳ್ಳುವವರನ್ನು ಈ ಕೈ ಇಪ್ಪತ್ತೆರಡು ವರ್ಷದಿಂದ ಕಂಡಿದೆ. ಸಿಕ್ಕಿದ ಕ್ಷಮೆಯನ್ನು ಬೇಡ ಎಂದು ಹಿಂದಿರುಗಿಸಲು ಬಂದವನು ಇವನೊಬ್ಬನೇ. ತಲೆ ಸರಿಯಿದೆಯೇ ಎಂದು ಬರೆಯುವವನು ಎರಡು ಸಲ ವಿಚಾರಿಸಿದ್ದಾನೆ. ಸರಿಯಿದೆಯೆಂದು ಅರ್ಜಿದಾರನು ಎರಡು ಸಲವೂ ಒಪ್ಪಿಕೊಂಡಿದ್ದಾನೆ. ಆದರೆ ಯಾರು ಏನು ಹೇಳಿದರೂ ಒಪ್ಪಿಕೊಳ್ಳುವುದೇ ಅವನ ಕಾಯಿಲೆಯಾದ ಕಾರಣ, ಇದನ್ನು ಪುರಾವೆಯೆಂದು ಪರಿಗಣಿಸಬಾರದು.

1. ಅರ್ಜಿದಾರನು ಹಳೆಯ ಊರಿನ ಅಂಗಡಿಯ ಛಾವಣಿ ಕುಸಿದ ಕಾರಣ, ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಹೆಂಡತಿ, ಮೂವತ್ತೊಂದು ಗೋಡೆ ಗಡಿಯಾರ ಮತ್ತು ಒಂದು ತಗಡಿನ ಪೆಟ್ಟಿಗೆಯೊಂದಿಗೆ ಈ ಊರಿಗೆ ಬಂದಿರುತ್ತಾನೆ. ಗಡಿಯಾರಗಳನ್ನು ಅದೇ ದಿನ ಗೋಡೆಗೆ ತೂಗುಹಾಕಲಾಯಿತು. ಪೆಟ್ಟಿಗೆಯ ವಿಚಾರ ಮುಂದೆ ಬರುತ್ತದೆ.

2. ಈ ಊರಿನ ವ್ಯವಸ್ಥೆ ತಮಗೆ ತಿಳಿಯದ್ದೇನಲ್ಲ. ಆದರೂ ಕಡತಕ್ಕೆಂದು ಹೇಳುವುದಾದರೆ, ಇಲ್ಲಿ ಎರಡು ಪಕ್ಷ, ಎರಡು ಪ್ರಾರ್ಥನಾ ಮಂದಿರ. ಕೊಡೆ ಪಕ್ಷದವರು ಓಣಿಯ ಮೇಲ್ತುದಿಯ ಮಂದಿರಕ್ಕೆ ಹೋಗಿ ಕೊನೆಯ ಪ್ರಾರ್ಥನೆಯನ್ನು ನಿಂತು ಹೇಳುತ್ತಾರೆ. ಏಣಿ ಪಕ್ಷದವರು ಕೆಳತುದಿಯ ಮಂದಿರಕ್ಕೆ ಹೋಗಿ ಅದನ್ನೇ ಕೂತು ಹೇಳುತ್ತಾರೆ. ದೇವರು ಒಬ್ಬನೇ, ಪ್ರಾರ್ಥನೆಯ ಮಾತುಗಳೂ ಅವೇ. ಮೊಣಕಾಲಿನ ವಿಚಾರದಲ್ಲಿ ಮಾತ್ರ ನಲವತ್ತು ವರ್ಷದಿಂದ ರಾಜಿಯಾಗಿಲ್ಲ. ಸಾಲದ್ದಕ್ಕೆ, ಮೇಲಿನ ಮಂದಿರದವರ ಮನೆಗಳೆಲ್ಲ ಕೆಳಗಿವೆ, ಕೆಳಗಿನವರ ಮನೆಗಳೆಲ್ಲ ಮೇಲಿವೆ. ಯಾಕೆ ಹೀಗೆ ಎಂದು ಕೇಳಿದವರು ಯಾರೂ ಉದ್ಧಾರವಾಗಿಲ್ಲ. ಬರೆಯುತ್ತಿರುವವನು ನಿಲ್ಲುವವರ ಪೈಕಿ. ಅದನ್ನು ಮುಚ್ಚಿಡುವ ದರ್ದು ಅವನಿಗಿಲ್ಲ.

3. ಊರಿಗೆ ಬಂದ ವಾರದಲ್ಲೇ ಕೊಡೆ ಪಕ್ಷದ ಅಧ್ಯಕ್ಷರಾದ ಬಟ್ಟೆ ಅಂಗಡಿಯವರು ಅರ್ಜಿದಾರನ ಅಂಗಡಿಗೆ ಬಂದು, “ತಾವು ಯಾವ ಕಡೆ?” ಎಂದು ಕೇಳಿದರು. “ನಿಮ್ಮ ಕಡೇನೇ ಸ್ವಾಮಿ, ಮತ್ತಿನ್ಯಾವ ಕಡೆ?” ಎಂದನು. ಸಂಜೆ ಏಣಿ ಪಕ್ಷದ ಅಧ್ಯಕ್ಷರಾದ ಮರದ ಡಿಪೋದವರು ಬಂದು ಅದನ್ನೇ ಕೇಳಿದರು. ಇವನೂ ಅದನ್ನೇ ಹೇಳಿದನು. ಹೀಗಾಗಿ ಎಡಜೇಬಿಗೊಂದು ಬಿಲ್ಲೆ, ಬಲಜೇಬಿಗೊಂದು ಬಿಲ್ಲೆ ಬಂದವು. ಎರಡು ಪಕ್ಷದ ಮೆರವಣಿಗೆಗಳೂ ಒಂದೇ ದಿನ ಹೊರಟಾಗ ಅರ್ಜಿದಾರನು ಎರಡರ ನಡುವಿನ ಖಾಲಿ ಜಾಗದಲ್ಲಿ, ಎರಡೂ ಕಡೆಗೆ ಕೈಬೀಸುತ್ತಾ ನಡೆದನು. ಮುಂದಿನವರೂ ಹಿಂದಿನವರೂ ಅವನನ್ನು ಸಂಚಾರ ನಿಯಂತ್ರಣಕ್ಕೆ ಬಂದವನೆಂದು ತಿಳಿದು ಅವನು ಕೈ ತೋರಿಸಿದ ಕಡೆ ತಿರುಗಿದರು. ಎರಡು ಮೆರವಣಿಗೆಗಳೂ ಹೋಗಿ ಸೇರಿದ್ದು ಅರ್ಜಿದಾರನ ಹಿತ್ತಲಿಗೆ.

4. ಪ್ರಾರ್ಥನೆಗೆ ಒಂದು ವಾರ ಮೇಲೆ, ಒಂದು ವಾರ ಕೆಳಗೆ ಹೋಗುವುದೆಂದು ಏರ್ಪಾಡು ಮಾಡಿಕೊಂಡನು. ಆದರೆ ಯಾವ ವಾರ ಎಲ್ಲಿದ್ದೇನೆಂಬುದು ಕೊನೆಯ ಪ್ರಾರ್ಥನೆ ಬರುವ ಹೊತ್ತಿಗೆ ಮರೆತುಹೋಗುತ್ತಿತ್ತು. ಆದ್ದರಿಂದ ಸುರಕ್ಷಿತವೆಂದು ಎರಡೂ ಕಡೆ ಅರ್ಧ ಬಗ್ಗಿ ನಿಂತನು. ಕಳೆದುಹೋದ ಗುಂಡಿ ಹುಡುಕುವವನ ಭಂಗಿ. ಹಿಂದಿದ್ದವರು, “ಪಾಪ, ಸೊಂಟ ನೋವಿರಬೇಕು” ಎಂದರು. “ಇರ್ಲಿ ಬಿಡಿ, ಹೊಸಬರು” ಎಂದರು. ಇಷ್ಟಾದರೂ ಒಬ್ಬರೂ, “ಏನಯ್ಯಾ ಇದು ನಿನ್ನ ಅವತಾರ?” ಎಂದು ಕೇಳಲಿಲ್ಲ. ಇದೇ ಈ ಅರ್ಜಿಯ ಮೂಲ ದೂರು.

5. ಈಗ ಪೆಟ್ಟಿಗೆಯ ವಿಚಾರ. ಸದರಿ ತಗಡಿನ ಪೆಟ್ಟಿಗೆಯಲ್ಲಿ ಮದುವೆಯ ಫೋಟೋ, ನೆಂಟರು ಬಂದರೆ ಹಾಕುವ ಆರು ತಟ್ಟೆ, ಅತ್ತೆ ಹೊಲಿದುಕೊಟ್ಟ ಹೊದಿಕೆ ಮುಂತಾದವು ಇದ್ದು, ಹೆಂಡತಿ ಅದನ್ನು ಎರಡು ವರ್ಷವಾದರೂ ಬಿಚ್ಚಿರಲಿಲ್ಲ. ಕಾರಣ ಕೇಳಲಾಗಿ ಅವಳು ಹೇಳಿದ್ದು:

“ಅಲ್ಲಿ ಹಾಲಿನವಳು ಅಳತೆ ವಿಷ್ಯಕ್ಕೆ ದಿನಾ ನನ್ನ ಹತ್ರ ಜಗಳಕ್ಕೆ ಬರ್ತಿದ್ಲು. ನಂಗೆ ಜ್ವರ ಬಂದಾಗ ತಲೆ ಹತ್ರ ಕೂತಿದ್ದೂ ಅವಳೇ. ಇಲ್ಲಿ ಎಲ್ರೂ ನಗ್ತಾರೆ. ಬಾಗಿಲಾಚೆ ನಿಂತ್ಕೊಂಡು ನಗ್ತಾರೆ. ಬೈಬೇಕು ಅಂದ್ರೆ ಇವರು ನಮ್ಮೋರು ಅಂತ ಅನ್ನಿಸ್ಬೇಕು ಕಣ್ರೀ. ಈ ಊರಲ್ಲಿ ಒಬ್ರಾದ್ರೂ ನಮ್ಮನ್ನ ಬಾಯ್ತುಂಬ ಬೈಲಿ, ಅವತ್ತು ಪೆಟ್ಟಿಗೆ ಬಿಚ್ತೀನಿ. ಈ ತಿಂಗಳ ಕೊನೇವರೆಗೂ ನೋಡ್ತೀನಿ. ಇಲ್ದಿದ್ರೆ ನಾನು ಅಕ್ಕನ ಮನೆಗೆ ಹೊರಟೆ.”

ಅವಳು ಸುಮ್ಮನೆ ಹೆದರಿಸುವವಳಲ್ಲ. ಅರ್ಜಿದಾರನಿಗೋ ಹೆಂಡತಿಯೆಂದರೆ ಪ್ರಾಣ. ಅವಳಿಲ್ಲದ ಮನೆಯಲ್ಲಿ ಮೂವತ್ತೊಂದು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಕೂರುವುದನ್ನು ನೆನೆದರೇ ಅವನ ಕೈ ಆಡುವುದಿಲ್ಲ. ಇದನ್ನು ಹೇಳುವಾಗ ಅವನ ಕಣ್ಣು ತುಂಬಿ, ಬರೆಯುವವನು ಸ್ವಲ್ಪ ಹೊತ್ತು ಲೇಖನಿ ಕೆಳಗಿಟ್ಟಿದ್ದನೆಂಬುದನ್ನು ಇಲ್ಲಿಯೇ ನಮೂದಿಸಲಾಗಿದೆ.

6. (ಬೈಸಿಕೊಳ್ಳಲು ಅರ್ಜಿದಾರನು ಮಾಡಿದ ಉದ್ದೇಶಪೂರ್ವಕ ಪ್ರಯತ್ನಗಳ ಈ ಅಂಶವನ್ನು ಅವನ ಮರ್ಯಾದೆಯ ದೃಷ್ಟಿಯಿಂದ ಹೊಡೆದುಹಾಕಲಾಗಿದೆ. ಹೂಕುಂಡದ ವಿಚಾರವನ್ನು ಯಾರೂ ಎತ್ತಬಾರದು.)

7. ಹೀಗಿರಲಾಗಿ, ಎರಡು ವಾರದ ಹಿಂದೆ ಕೆಳಗಿನ ಮಂದಿರದ ಗೋಡೆ ಗಡಿಯಾರ ನಿಂತುಹೋಗಿ, ಅರ್ಜಿದಾರನನ್ನು ಕರೆಸಲಾಯಿತು. ಚಕ್ರದ ಹಲ್ಲುಗಳ ನಡುವಿನ ಧೂಳು ತೆಗೆದು, ಎಣ್ಣೆ ಬಿಟ್ಟು, ಕೀಲಿ ಕೊಟ್ಟು, ಲೋಲಕ ತೂಗಿಬಿಟ್ಟನು. ಆಗ ಮಂದಿರದ ಕಾವಲುಗಾರನು ತನ್ನ ಕೈಗಡಿಯಾರ ತೋರಿಸಿ, “ಇದಕ್ಕೆ ಸರಿಯಾಗಿ ಇಡಿ” ಎಂದನು. ಅದು ಏಳು ನಿಮಿಷ ಹಿಂದಿತ್ತು.

“ಇದು ಏಳು ನಿಮಿಷ ಹಿಂದಿದೆಯಲ್ಲಪ್ಪಾ?”

“ನಾವು ಹಿಂದಿಲ್ಲ ಸ್ವಾಮಿ. ಮೇಲಿನೋರು ಮುಂದಿದ್ದಾರೆ.”

ಕಾವಲುಗಾರನು ಹೇಳಿದ್ದು ಊರಿನ ನಲವತ್ತು ವರ್ಷದ ನಿಯಮ. ಅರ್ಜಿದಾರನು ಅದನ್ನು ಏಣಿ ಪಕ್ಷದ ಭಾಷಣವೆಂದು ತಿಳಿದು, ಎಂದಿನಂತೆ, “ಹೌದೌದು, ಅವರದು ಅತಿಯಾಯ್ತು” ಎಂದು ತಲೆಯಾಡಿಸಿ, ಕಾವಲುಗಾರನು ಅತ್ತ ತಿರುಗುತ್ತಲೇ ಮುಳ್ಳುಗಳನ್ನು ಸರಿಯಾದ ಸಮಯಕ್ಕೆ ತಂದಿಟ್ಟನು. ಪಕ್ಷ ಯಾವುದಾದರೂ ಆದೀತು, ಕೂತಾದರೂ ನಿಂತಾದರೂ ಪ್ರಾರ್ಥಿಸಿಯಾನು, ಆದರೆ ತಪ್ಪು ಸಮಯ ತೋರಿಸುವ ಗಡಿಯಾರವನ್ನು ಹಾಗೇ ಬಿಟ್ಟುಬರುವುದು ಈ ಮನುಷ್ಯನ ಕೈಲಿ ಆಗದ ಕೆಲಸ.

8. ಆ ಏಳು ನಿಮಿಷ ಯಾಕಿತ್ತೆಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಎರಡು ಮಂದಿರಕ್ಕೂ ಇರುವುದು ಒಂದೇ ಓಣಿ. ಅದರ ಅಗಲ ಒಂದು ಕೈಗಾಡಿ ಮತ್ತು ಅರ್ಧ ಮನುಷ್ಯ. ಮೇಲಿನವರು ಪ್ರಾರ್ಥನೆ ಮುಗಿಸಿ ಕೆಳಗಿಳಿದು ಹೋದ ಮೇಲೆ ಕೆಳಗಿನವರು ಹೊರಬಂದು ಮೇಲೆ ಹತ್ತಬೇಕು. ಹೀಗೆ ನಲವತ್ತು ವರ್ಷ ಯಾರ ಮುಖವನ್ನೂ ಯಾರೂ ನೋಡದೆ ಊರು ನೆಮ್ಮದಿಯಾಗಿತ್ತು. ಅಂದು ಗಂಟೆಗಳು ಒಟ್ಟಿಗೆ ಬಾರಿಸಿದವು. ಬಾಗಿಲುಗಳು ಒಟ್ಟಿಗೆ ತೆರೆದವು. ಓಣಿಯ ನಟ್ಟನಡುವೆ ಬಟ್ಟೆ ಅಂಗಡಿಯವರ ಹೊಟ್ಟೆಯೂ ಮರದ ಡಿಪೋದವರ ಹೊಟ್ಟೆಯೂ ಸಂಧಿಸಿದವು. ಇವರಿಬ್ಬರು ಭಾವ-ಮೈದುನರಾಗಿದ್ದು, ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಹಿಂದಿನಿಂದ ಜನ ತಳ್ಳುತ್ತಿದ್ದುದರಿಂದ ಹಿಂದೆ ಸರಿಯುವ ಹಾಗಿರಲಿಲ್ಲ.

“ಭಾವ, ಕಾಲು ತುಳೀತಿದ್ದೀಯ.”

“ಗೊತ್ತು. ಬೇಕಂತಲೇ.”

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ಎರಡನೆಯ ಮಾತು, “ನೀನೇನು ಇಷ್ಟು ಸೊರಗಿದ್ದೀಯ?” ಎಂಬುದು. ಅಷ್ಟರಲ್ಲಿ ನಿಲ್ಲುವವರ ಚಪ್ಪಲಿ ಕೂರುವವರ ಕಾಲಿಗೆ, ಕೂರುವವರದು ನಿಲ್ಲುವವರ ಕಾಲಿಗೆ ಸೇರಿ, ಅರ್ಜಿದಾರನ ಎದುರುಮನೆ ಅಜ್ಜಿ ಒಂದು ಕಾಲಿಗೆ ತನ್ನದನ್ನೂ ಇನ್ನೊಂದಕ್ಕೆ ಮರದ ಡಿಪೋದವರದನ್ನೂ ಮೆಟ್ಟಿಕೊಂಡು, ಎತ್ತಿಹಾಕಿ ನಡೆಯುತ್ತಾ ಮನೆ ಸೇರಿದಳು. ಬರೆಯುತ್ತಿರುವವನೂ ಆ ಓಣಿಯಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡಿದ್ದನು. ಎದುರಿಗೆ ಒತ್ತಿಕೊಂಡು ನಿಂತಿದ್ದವನು ಶಾಲೆಯಲ್ಲಿ ಜೊತೆಗೆ ಓದಿದವನು. ಬೇಸರವೇನೂ ಆಗಲಿಲ್ಲ.

9. ಆಮೇಲೆ ಊರಿಗೆ ಊರೇ ಅರ್ಜಿದಾರನ ಅಂಗಡಿಗೆ ನುಗ್ಗಿತು. ತಮ್ಮ ಸಮಯವನ್ನು ಕೆಳಗಿನವರಿಗೆ ಕೊಟ್ಟನೆಂದು ಮೇಲಿನವರು ಬೈದರು. ಮೇಲಿನವರ ಸಮಯವನ್ನು ತಮ್ಮ ಮೇಲೆ ಹೇರಿದನೆಂದು ಕೆಳಗಿನವರು ಬೈದರು. ಜನ್ಮ ಜಾಲಾಡಿದರು. “ಏಯ್ ಏಳು ನಿಮಿಷ, ಹೊರಗೆ ಬಾರೋ!” ಎಂದು ಯಾರೋ ಕೂಗಿದ್ದೇ ಅವನಿಗೆ ಹೆಸರಾಯಿತು. ಅಜ್ಜಿಯಂತೂ ಚಪ್ಪಲಿ ಸಮೇತ ಸೀದಾ ಅಡುಗೆಮನೆಗೇ ಬಂದು, “ಏನಮ್ಮಾ, ನಿನ್ನ ಗಂಡನಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ? ನೀನಾದ್ರೂ ಹೇಳಬಾರ್ದಾ? ಒಳ್ಳೆ ಜೋಡಿ ಗಂಟುಬಿದ್ದಿದ್ದೀರ ನಮ್ಮ ಬೀದಿಗೆ!” ಎಂದು ಗ್ರಹಚಾರ ಬಿಡಿಸಿದಳು. ಹೆಂಡತಿ ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಅಜ್ಜಿಗೆ ಮಣೆ ಹಾಕಿ, ಒಳಕೋಣೆಗೆ ಹೋಗಿ ಪೆಟ್ಟಿಗೆ ಬಿಚ್ಚಿ, ತಟ್ಟೆ ತೆಗೆದು ಅಜ್ಜಿಗೆ ಊಟ ಬಡಿಸಿದಳು. ಅಜ್ಜಿ ಬೈಯುತ್ತಲೇ ಉಂಡಳು. ಸಂಜೆಗೆ ಮದುವೆಯ ಫೋಟೋ ಗೋಡೆಗೆ ಬಂತು. ಅಂದು ಅರ್ಜಿದಾರನು ಮೂವತ್ತೊಂದು ಗಡಿಯಾರಕ್ಕೂ ಶಿಳ್ಳೆ ಹಾಕುತ್ತಾ ಕೀಲಿ ಕೊಟ್ಟನು.

10. ನಾಲ್ಕನೆಯ ದಿನ ತಮ್ಮ ಠರಾವು ಬಂತು. “ಸದರಿಯವರು ಊರಿಗೆ ಹೊಸಬರಾದ ಕಾರಣ, ರೀತಿನೀತಿ ತಿಳಿಯದೆ ಎಸಗಿದ ತಪ್ಪೆಂದು ಭಾವಿಸಿ, ಉಭಯ ಪಕ್ಷಗಳೂ ಒಮ್ಮತದಿಂದ ಕ್ಷಮಿಸಿವೆ, ಅನುಕೂಲವಾದಾಗ ಗಡಿಯಾರವನ್ನು ಹಿಂದಕ್ಕಿಟ್ಟುಕೊಡಲು ಕೋರಿದೆ.” ಪುರಸಭೆಯ ನಲವತ್ತು ವರ್ಷದ ಇತಿಹಾಸದಲ್ಲಿ ಎರಡು ಪಕ್ಷಗಳೂ ಒಪ್ಪಿದ ಮೊದಲ ಠರಾವು ಅದೆಂದು ಕೇಳಿಬಂದಿದೆ. ಅದನ್ನೂ ಇವನ ತಲೆಗೇ ಕಟ್ಟಬೇಕಿತ್ತೇ? ಅಂದಿನಿಂದ ‘ಏಳು ನಿಮಿಷ’ ಹೋಗಿ ಮತ್ತೆ, “ಗಡಿಯಾರದವರೇ, ಬನ್ನಿ, ಕೂತ್ಕೊಳ್ಳಿ” ಶುರುವಾಯಿತು. ಅಜ್ಜಿಯೂ ಬಾಗಿಲಾಚೆ ನಿಂತು ನಕ್ಕಳು. ಹೆಂಡತಿ ತಟ್ಟೆಗಳನ್ನು ಒರೆಸಿ ಒಳಗಿಟ್ಟಳು. ಫೋಟೋ ಇಳಿಸಿದಳು. ಈ ದಿನ ಬೆಳಿಗ್ಗೆ ಪೆಟ್ಟಿಗೆಗೆ ಬೀಗ ಜಡಿದು, ಒಲೆಯ ಮುಂದೆ ನಿಂತು, “ನಾಳಿದ್ದು ಬಸ್ಸು” ಎಂದಳು. “ಒಪ್ಕೊಳ್ತೀರಲ್ಲಾ?” ಎಂದಳು.

ಅರ್ಜಿದಾರನು, “ಇಲ್ಲ, ಒಪ್ಪಲ್ಲ” ಎಂದನು. ಈ ಊರಿನಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಹೆಂಡತಿ ಬೆಚ್ಚಿಬಿದ್ದು ಸೌಟು ಕೆಳಗೆ ಹಾಕಿದಳು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳ ಕಾರಣ, ಮಾನ್ಯರು ದಯಮಾಡಿ:

(ಅ) ಠರಾವಿನಲ್ಲಿರುವ ‘ಹೊಸಬರಾದ ಕಾರಣ’ ಎಂಬ ಎರಡು ಪದಗಳನ್ನು ಹೊಡೆದುಹಾಕಬೇಕು. ಅರ್ಜಿದಾರನು ತಪ್ಪು ಮಾಡಿದ್ದಾನೆ. ಆದರೆ ಇಲ್ಲಿಯವನಾಗಿಯೇ ಮಾಡಿದ್ದಾನೆ.

(ಆ) ಗಡಿಯಾರವನ್ನು ಏಳು ನಿಮಿಷ ಹಿಂದಿಡಲು ಕೋರುವ ಬದಲು ಗದರಿಸಿ ಹೇಳಬೇಕು.

(ಇ) ಶಿಕ್ಷೆಯಾಗಿ, ಒಂದು ವರ್ಷ ಕಾಲ, ಮೇಲಿನವರು ಇಳಿದು ಕೆಳಗಿನವರು ಹತ್ತುವ ನಡುವಿನ ಆ ಏಳು ನಿಮಿಷ ಅರ್ಜಿದಾರನು ಓಣಿಯಲ್ಲಿ ನಿಂತು, ಹೋಗುವವರಿಂದಲೂ ಬರುವವರಿಂದಲೂ ಬೈಸಿಕೊಳ್ಳತಕ್ಕದ್ದೆಂದು ಆದೇಶಿಸಬೇಕು.

ತಮ್ಮ ಬೈಗುಳದ ನಿರೀಕ್ಷೆಯಲ್ಲಿರುವ ವಿಶ್ವಾಸಿ,
ಏಳು ನಿಮಿಷ
(ಎಂದೇ ಮತ್ತೆ ಕರೆಯಲ್ಪಡಲು ಇಚ್ಛಿಸುವ ಗಡಿಯಾರ ರಿಪೇರಿಯವನು)

ಲಗತ್ತುಗಳು:
1. ಕೊಡೆ ಬಿಲ್ಲೆ ಒಂದು, ಏಣಿ ಬಿಲ್ಲೆ ಒಂದು. (ಎರಡೂ ವಾಪಸು. ಯಾವ ಕಡೆಯೆಂದು ನಿಧಾನವಾಗಿ ಯೋಚಿಸಿ, ಜಗಳವಾಡಿಯೇ ತಿಳಿಸಲಾಗುವುದು.)
2. ಅಂದು ಬಿದ್ದ ಬೈಗುಳಗಳ ಪಟ್ಟಿ, ಹೆಂಡತಿ ಅಕ್ಕರೆಯಿಂದ ಬರೆದಿಟ್ಟುಕೊಂಡದ್ದು, ಎರಡು ಪುಟ.
3. ತಗಡಿನ ಪೆಟ್ಟಿಗೆಯ ಬೀಗದ ಕೈ. (ಹೆಂಡತಿಗೆ ತಿಳಿಯದಂತೆ ತಂದದ್ದು. ಇದಿಲ್ಲದೆ ಅವಳು ಬಸ್ಸು ಹತ್ತಲಾರಳೆಂಬ ನಂಬಿಕೆ. ತಮ್ಮ ವಶದಲ್ಲಿರಲಿ.)

ಹಿಂಬರಹ (ಅರ್ಜಿ ಮಹಡಿಗೆ ಹೋದ ಮೇಲೆ ಹಿಂದಿನಿಂದ ಕಳಿಸಿದ ಚೀಟಿ):

ಮಾನ್ಯರೇ, ಅರ್ಜಿಯನ್ನು ತಮ್ಮ ಜವಾನನ ಕೈಗೆ ಕೊಟ್ಟ ಕೂಡಲೇ ಅರ್ಜಿದಾರನ ಕಣ್ಣು ಬರೆಯುವವನ ತಲೆಯ ಮೇಲಿನ ಗೋಡೆಯಲ್ಲಿರುವ ತಮ್ಮ ಕಛೇರಿಯ ಗಡಿಯಾರಕ್ಕೆ ಬಿದ್ದಿತು. ಅದು ಎರಡು ನಿಮಿಷ ಹಿಂದಿತ್ತಂತೆ. ಹೇಳದೆ ಕೇಳದೆ ಬರೆಯುವವನ ಮೇಜು ಹತ್ತಿ, ಮುಳ್ಳು ಸರಿಮಾಡಿ, ಇಳಿಯುವಾಗ ಶಾಯಿ ಬಾಟಲಿಯನ್ನು ಬರೆಯುವವನ ಬಿಳಿ ಅಂಗಿಯ ಮೇಲೆ ಒದ್ದನು. ಬರೆಯುವವನು ಇಪ್ಪತ್ತೆರಡು ವರ್ಷದ ಸಂಯಮ ಕಳೆದುಕೊಂಡು, “ಲೋ ಏಳು ನಿಮಿಷ! ನಿನ್ನ ಕೈ ಮುರಿಯಾ! ಊರಲ್ಲಿ ಯಾವ ಗಡಿಯಾರಾನೂ ನೆಮ್ಮದಿಯಾಗಿ ಇರೋಕೆ ಬಿಡಲ್ವಲ್ಲೋ ನೀನು!” ಎಂದು ಬೀದಿ ಬಾಗಿಲಿಗೆ ಕೇಳುವಂತೆ ಬೈದನು. ಮನಸಾರೆ ಬೈದನು. ಬೀದಿ ಬಾಗಿಲಲ್ಲಿ ಅರ್ಜಿದಾರನ ಹೆಂಡತಿ ನಿಂತಿದ್ದಳು. ಬೀಗದ ಕೈ ಹುಡುಕಿಕೊಂಡು ಬಂದವಳು ಪೂರ್ತಿ ಕೇಳಿಸಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಳೆ.

ಒಮ್ಮೆ ನೋಂದಣಿಯಾದ ಲಗತ್ತನ್ನು ಬೇರೆ ಅರ್ಜಿಯಿಲ್ಲದೆ ಹಿಂದಿರುಗಿಸುವುದಿಲ್ಲವೆಂದು ತಮ್ಮ ಜವಾನನು ಹೇಳುತ್ತಿರುವ ಕಾರಣ, ಈ ಚೀಟಿಯನ್ನೇ ಅರ್ಜಿಯೆಂದು ಭಾವಿಸಿ, ಲಗತ್ತು 3ನ್ನು ಈ ಕೂಡಲೇ ಕೆಳಗೆ ಎಸೆಯಬೇಕಾಗಿ ಕೋರಿಕೆ. ಪೆಟ್ಟಿಗೆ ಬಿಚ್ಚುವುದಿದೆ.